ಬಾಗಿಲ ಶಾಸನಗಳು: ಸಾಂಕ್ರಾಮಿಕ ಪೂರ್ವಸಿದ್ಧತೆಯನ್ನು ಕುರಿತು ಒಂದು ಶಾಸ್ತ್ರೀಯ ವಿವೇಚನೆ

೧. ಪೀಠಿಕೆ

ಕನ್ನಡ ನಾಡಿನ ಶಾಸನಗಳನ್ನು ಬಂಡೆಯ ಮೇಲೆ, ವೀರಗಲ್ಲಿನ ಮೇಲೆ, ತಾಮ್ರಪಟದ ಮೇಲೆ ಹುಡುಕಿದ ವಿದ್ವಾಂಸರು ಬಹಳ ಮಂದಿ. ಪಾಚಿ ಕೆರೆದು, ಅಚ್ಚು ತೆಗೆದು, ಕಣ್ಣು ಕೆಡಿಸಿಕೊಂಡು ಅವರು ನಮಗೆ ಚರಿತ್ರೆ ಕೊಟ್ಟರು. ಬಾಗಿಲ ಮೇಲೆ ಮಾತ್ರ ಯಾರೂ ಹುಡುಕಲಿಲ್ಲ. ಈ ಕೊರತೆಯನ್ನು ನೀಗಬೇಕೆಂದು ಪ್ರಸ್ತುತ ಸಂಶೋಧಕನು ಬಹುಕಾಲದಿಂದ ಹಂಬಲಿಸುತ್ತಿದ್ದನು ಎಂದು ಬರೆಯುವುದು ಪೀಠಿಕೆಗಳ ಸಂಪ್ರದಾಯ. ನಡೆದದ್ದು ಇಷ್ಟೇ: ೨೦೨೫ರ ಸಂಕ್ರಾಂತಿಗೆ ಮುಂಚೆ ಮನೆಗೆ ಬಣ್ಣ ಹೊಡೆಸುತ್ತಿದ್ದೆ. ಮುಂಬಾಗಿಲಿಗೆ ಉಪ್ಪುಕಾಗದ ಉಜ್ಜುತ್ತಿದ್ದ ಪೇಂಟಿಂಗ್ ಹುಡುಗ, "ಸಾರ್, ಇಲ್ಲೇನೋ ಬರ್ದೈತೆ, ಬಂದು ನೋಡಿ" ಎಂದು ಕೂಗಿದ. ಹೋಗಿ ನೋಡಿದೆ. ಪ್ರಬಂಧ ಹುಟ್ಟಿತು.

ಬಾಗಿಲಲ್ಲಿ ಮೂರು ಪದರಗಳಿದ್ದವು. ಎಲ್ಲಕ್ಕಿಂತ ಮೇಲೆ ೨೦೨೦ರಲ್ಲಿ ಅಂಟಿಸಿದ್ದ ಕ್ವಾರಂಟೈನ್ ನೋಟಿಸಿನ ಗೋಂದಿನ ಕಲೆ. ಅದರಡಿ, ಒಂದು ಕೋಟು ಹಸಿರು ಬಣ್ಣದ ಕೆಳಗೆ, ಸೊಟ್ಟ ಅಕ್ಷರಗಳಲ್ಲಿ 'ನಾಳೆ ಬಾ'. ಇನ್ನೂ ಕೆಳಗೆ, ತೇಗದ ಮರದಲ್ಲೇ ಹುದುಗಿಹೋದ ಅಂಗೈಯಗಲದ ಕಬ್ಬಿಣದ ಕೊಂಡಿ. ಈಗ ಅದಕ್ಕೆ ಹೊಂದುವ ಬೀಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಬೀಗ, ಬೇಡಿಕೆ, ನೋಟಿಸು: ನೂರಿಪ್ಪತ್ತು ಚಿಲ್ಲರೆ ವರ್ಷಗಳ ಸಾರ್ವಜನಿಕ ಆರೋಗ್ಯದ ಚರಿತ್ರೆ ಒಂದೇ ಹಲಗೆಯ ಮೇಲೆ. ಇದರಿಂದ ಹೊರಡುವ ಪ್ರತಿಜ್ಞೆ: ನಾಡು ರೋಗಕ್ಕೆ ಎಷ್ಟು ಸಿದ್ಧವಾಗಿದೆ ಎಂದು ತಿಳಿಯಲು ಆಸ್ಪತ್ರೆಗೆ ಹೋಗಬೇಕಿಲ್ಲ, ಬಾಗಿಲು ಓದಿದರೆ ಸಾಕು.

೨. ಕ್ಷೇತ್ರ, ವಿಧಾನ, ಮಿತಿ

ಅಧ್ಯಯನದ ಕ್ಷೇತ್ರ ಮಲ್ಲೇಶ್ವರದ ಎರಡು ಅಡ್ಡರಸ್ತೆ. ವಿಧಾನ ಸಹಭಾಗಿ ವೀಕ್ಷಣೆ; ಎಂದರೆ ಕಿಟಕಿಯ ಪರದೆಯನ್ನು ಎರಡು ಬೆರಳಷ್ಟು ಸರಿಸಿ ನೋಡುವುದು. ಮಾಹಿತಿದಾರರು ನಾಲ್ವರು: ಎದುರುಮನೆಯ ನಿವೃತ್ತ ಎಂಜಿನಿಯರು, ಮೂಲೆಯ ಮೆಡಿಕಲ್ ಶಾಪಿನವರು, ನನ್ನ ಅತ್ತಿಗೆ ಮತ್ತು ಅತ್ತಿಗೆಯ ಫೋನು. ನಾಲ್ಕನೆಯದು ಉಳಿದ ಮೂವರಿಗಿಂತ ಹೆಚ್ಚು ಮಾತಾಡಿದೆ. ಮಿತಿಯೂ ಇದೆ. ಸಂಶೋಧಕನೂ ಹೆದರಿದ್ದರಿಂದ ಕೆಲವು ದಿನ ವೀಕ್ಷಣೆ ನಡೆಯಲಿಲ್ಲ.

೩. ಮೊದಲ ಶಾಸನ: ಬೀಗ

ಬೆಂಗಳೂರಿಗೆ ಪ್ಲೇಗು ಬಂದದ್ದು ೧೮೯೮ರಲ್ಲಿ. ಎರಡು ವರ್ಷ ಮೊದಲು ಮುಂಬಯಿಯಲ್ಲಿ ಕಾಣಿಸಿಕೊಂಡಿದ್ದ ಪಿಡುಗು ರೈಲಿನ ದಾರಿ ಹಿಡಿದು ಊರೂರಿಗೆ ಇಳಿಯಿತು. ಆ ಕಾಲದಲ್ಲಿ ಮುನ್ನೆಚ್ಚರಿಕೆ ಇಲಾಖೆಯ ಕೆಲಸವನ್ನು ಇಲಿಗಳು ನೋಡಿಕೊಳ್ಳುತ್ತಿದ್ದವು. ಅಟ್ಟದಿಂದ ಇಲಿ ಬಿತ್ತೆಂದರೆ ಊರು ಎದ್ದಿತು: ಪಾತ್ರೆಪಡಗ ಗಾಡಿಗೆ ಹೇರಿ, ಮನೆಗೆ ಬೀಗ ಜಡಿದು, ಊರಾಚೆಯ ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಇಲಿ ಪತ್ರಿಕಾಗೋಷ್ಠಿ ಕರೆಯಲಿಲ್ಲ, ಅಂಕಿಅಂಶ ಮುಚ್ಚಿಡಲಿಲ್ಲ. ಅದು ಕೊಟ್ಟ ವರದಿಯಲ್ಲಿ ಸಂದೇಹಕ್ಕೆ ಎಡೆಯೇ ಇರಲಿಲ್ಲ.

ಪ್ಲೇಗು ಸಾವಿರಾರು ಜನರನ್ನು ಕೊಂಡೊಯ್ದಿತು. ಅದು ಬಿಟ್ಟುಹೋದದ್ದೂ ಕಡಿಮೆಯಲ್ಲ. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಗಾಳಿ ಬೆಳಕಿಗೆ ತರಲೆಂದು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಮೈತಳೆದವು. ನೇರವಾದ ರಸ್ತೆ, ಮನೆಗಳ ಹಿಂದೆ ಕಸ ಸಾಗಿಸುವ ಕನ್ಸರ್ವೆನ್ಸಿ ಗಲ್ಲಿ. ಪ್ಲೇಗು ನಿಗ್ರಹದ ಕೆಲಸಕ್ಕೆಂದು ಊರಿಗೆ ಟೆಲಿಫೋನ್ ತಂತಿ ಎಳೆದರು. ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ರೋಗಕ್ಕೆ ಬಡಾವಣೆ, ತಂತಿ, ದೇವರು ಮೂರನ್ನೂ ಒಟ್ಟಿಗೆ ಒದಗಿಸಿದ ಆ ತಲೆಮಾರು ಯಾವುದನ್ನೂ ಅದೃಷ್ಟಕ್ಕೆ ಬಿಟ್ಟಿರಲಿಲ್ಲ. ನಮ್ಮ ಮುತ್ತಜ್ಜ ಪೇಟೆಯ ಮನೆ ಬಿಡುವಾಗ ಈ ಬಾಗಿಲನ್ನೂ ಕಿತ್ತು ತಂದರಂತೆ. ಅವರು ಗಾಳಿಗೆಂದು ಬಂದ ಗಲ್ಲಿಯಲ್ಲಿ ಈಗ ಕಾರುಗಳು ನಿಂತಿರುತ್ತವೆ. ಅವುಗಳಿಗೆ ಉಸಿರಾಟದ ತೊಂದರೆ ಇಲ್ಲ.

ಕಾಯ್ದೆಯೂ ಆ ಕಾಲದ್ದೇ. ಮುಂಬಯಿ ಪ್ಲೇಗಿಗೆಂದು ೧೮೯೭ರಲ್ಲಿ ಬರೆದ ಸಾಂಕ್ರಾಮಿಕ ರೋಗಗಳ ಕಾಯ್ದೆಯಲ್ಲಿ ಇದ್ದದ್ದು ನಾಲ್ಕೇ ಸೆಕ್ಷನ್. ೨೦೨೦ರಲ್ಲಿ ಹೊಸ ವೈರಾಣು ಬಂದಾಗ ಬೀರುವಿನಿಂದ ಹೊರತೆಗೆದದ್ದು ಅದನ್ನೇ. ನಮಗೆ ಪೂರ್ವಸಿದ್ಧತೆ ಇರಲಿಲ್ಲ ಎನ್ನುವವರು ಗಮನಿಸಬೇಕು: ನೂರಿಪ್ಪತ್ಮೂರು ವರ್ಷ ಮೊದಲೇ ಸಿದ್ಧರಾಗಿ ಕುಳಿತಿದ್ದೆವು.

೪. ಎರಡನೆಯ ಶಾಸನ: ನಾಳೆ ಬಾ

ಶಾಸನದ ವಿವರ: ಲಿಪಿ ಕನ್ನಡ, ಭಾಷೆ ಕನ್ನಡ, ಸಾಲು ಒಂದು, ಮಾಧ್ಯಮ ಕಿಟಕಿಗೆ ಹೊಡೆದು ಉಳಿದ ಎಣ್ಣೆಬಣ್ಣ, ಲಿಪಿಕಾರ ಪ್ರಸ್ತುತ ಸಂಶೋಧಕ (ಆಗ ಚಡ್ಡಿ ವಯಸ್ಸು), ದೊರೆತ ಪುರಸ್ಕಾರ ಅಪ್ಪನಿಂದ ಎರಡು ಏಟು. ಕಾಲ ೧೯೯೦ರ ದಶಕ.

ರಾತ್ರಿ ಹೊತ್ತು ದೆವ್ವವೊಂದು ಹೆಣ್ಣಿನ ರೂಪದಲ್ಲಿ ಬಂದು, ಬೇಕಾದವರ ದನಿಯಲ್ಲಿ ಹೆಸರು ಹಿಡಿದು ಕೂಗಿ ಕದ ತಟ್ಟುತ್ತದೆ, ಬಾಗಿಲು ತೆರೆದವರು ಸಾಯುತ್ತಾರೆ ಎಂಬ ಸುದ್ದಿ ಆಗ ನಾಡಿನ ತುಂಬ ಹರಡಿತ್ತು. ಪರಿಹಾರ ಸುಲಭ: ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವುದು. ದೆವ್ವ ಓದಿ ಹಿಂದಿರುಗುತ್ತದೆ. ಮರುರಾತ್ರಿ ಬಂದು ಮತ್ತೆ ಓದುತ್ತದೆ. ೨೦೧೮ರಲ್ಲಿ ಹಿಂದಿಯವರು ಇದೇ ಕತೆಯ ಎಳೆ ಹಿಡಿದು 'ಸ್ತ್ರೀ' ಸಿನಿಮಾ ಮಾಡಿ ದುಡ್ಡು ಎಣಿಸಿದರು. ನಾವು ಬಾಗಿಲಿಗೆ ಪೇಂಟ್ ಹೊಡೆಸಿಕೊಂಡೆವು.

ಈ ಎರಡು ಪದಗಳಲ್ಲಿ ಮೂರು ತತ್ವಗಳು ಅಡಗಿವೆ. ಒಂದು, ಆಪತ್ತಿಗೆ ಅಕ್ಷರಜ್ಞಾನವಿದೆ. ಎರಡು, ಆಪತ್ತು ಸಜ್ಜನಿಕೆಯುಳ್ಳದ್ದು, ಹೇಳಿದ ಮಾತು ಕೇಳುತ್ತದೆ. ಮೂರು, ನಾಳೆ ಎಂಬುದು ಬರುವುದಿಲ್ಲ. ಆಪತ್ತನ್ನು ಎದುರಿಸದೆ, ಓಡಿಸದೆ, ಬರೇ ಮುಂದೂಡುವ ಈ ವಿಧಾನಕ್ಕೆ ಮುಂದೆ 'ನಾಳೆ ಬಾ ಸಿದ್ಧಾಂತ' ಎಂಬ ಹೆಸರನ್ನು ಬಳಸಲಾಗುವುದು. ನಮ್ಮ ಅನೇಕ ಕಚೇರಿಗಳಲ್ಲಿ ಇದು ಮೊದಲಿನಿಂದಲೂ ಜಾರಿಯಲ್ಲಿದೆ. ವ್ಯಾಕರಣದ ಭೇದ ಮಾತ್ರ ಗಮನಾರ್ಹ: ದೆವ್ವಕ್ಕೆ 'ನಾಳೆ ಬಾ', ಪ್ರಜೆಗೆ 'ನಾಳೆ ಬನ್ನಿ'. ಪ್ರಜಾಪ್ರಭುತ್ವವು ಮನುಷ್ಯನಿಗೆ ದೆವ್ವಕ್ಕಿಂತ ಹೆಚ್ಚಾಗಿ ಕೊಟ್ಟಿರುವುದು ಆ ಒಂದು ಬಹುವಚನ.

೫. ಭಯದ ದೂರನಿಯಮ

ಸೂತ್ರ: ದೂರದ ಹೆಣಕ್ಕೆ ಅಂಕಿ, ಹತ್ತಿರದ ಕೆಮ್ಮಿಗೆ ಕಿಟಕಿ.

ಭಾಷ್ಯ: ರೋಗ ವುಹಾನಿನಲ್ಲಿದ್ದಾಗ ಅದು ಸುದ್ದಿ. ೨೦೨೦ರ ಜನವರಿ ೩೦ರಂದು ಕೇರಳದ ತ್ರಿಶೂರಿನಲ್ಲಿ ದೇಶದ ಮೊದಲ ಪ್ರಕರಣ ಖಚಿತವಾದಾಗ ಅದು ಚರ್ಚೆ. ಮಾರ್ಚ್ ಎರಡನೆಯ ವಾರ ಅಮೆರಿಕದಿಂದ ಬೆಂಗಳೂರಿಗೆ ಮರಳಿದ್ದ ಟೆಕ್ಕಿಯೊಬ್ಬರಲ್ಲಿ ಕಾಣಿಸಿಕೊಂಡಾಗ ಅದು ಕಳವಳ. ಅದೇ ವಾರ ಕಲಬುರಗಿಯಲ್ಲಿ ಸೌದಿಯಿಂದ ಬಂದಿದ್ದ ೭೬ ವರ್ಷದ ಹಿರಿಯರು ತೀರಿಕೊಂಡರು. ಅದು ದೇಶದಲ್ಲೇ ಈ ರೋಗದ ಮೊದಲ ಸಾವು. ಎದುರುಮನೆಯ ಎಂಜಿನಿಯರು ಪೇಪರ್ ಮಡಿಸಿ, "ಅದು ಆ ಕಡೆ ಬಿಡ್ರಿ" ಎಂದರು. ಬೆಂಗಳೂರಿನ ಮಟ್ಟಿಗೆ ಕಲಬುರಗಿ ವುಹಾನಿಗಿಂತ ತುಸುವೇ ಹತ್ತಿರ. ಅವರು ನಿಜವಾಗಿ ಹೆದರಿದ್ದು, ಪಕ್ಕದ ಮನೆಯ ಹುಡುಗ ಒಗ್ಗರಣೆಯ ಘಾಟಿಗೆ ಸೀನಿದ ದಿನ.

ಈ ನಿಯಮಕ್ಕೆ ಬಲವಾದ ಸಾಕ್ಷ್ಯ ಮಂಗನ ಕಾಯಿಲೆ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಬೆನ್ನಿಗೇ ಜನರಿಗೂ ಜ್ವರ ಬಂತು. ಉಣುಗಿನಿಂದ ಹರಡುವ ಆ ವೈರಾಣು ಆವರೆಗೆ ಲೋಕಕ್ಕೆ ಗೊತ್ತಿರಲಿಲ್ಲ. ಇಂದು ಜಗತ್ತಿನ ವೈದ್ಯಗ್ರಂಥಗಳಲ್ಲಿ ಆ ಊರಿನ ಹೆಸರೇ ರೋಗದ ಹೆಸರು. ಅಪ್ಪಟ ನಮ್ಮದೇ ಆದ, ನಮ್ಮ ಕಾಡಿನಲ್ಲೇ ಗುರುತಾದ ವೈರಾಣು. ಬೇಸಗೆಯ ಕಡೆ ತಿರುಗಿದೊಡನೆ ಮಲೆನಾಡಿನವರು ಕಾಡಿಗೆ ಹೋಗುವ ಮುನ್ನ ಆರೋಗ್ಯ ಇಲಾಖೆ ಕೊಟ್ಟ ಎಣ್ಣೆಯನ್ನು ಕೈಕಾಲಿಗೆ ಬಳಿದುಕೊಳ್ಳುತ್ತಾರೆ. ಆದರೂ ಮಲ್ಲೇಶ್ವರದಲ್ಲಿ ಇದಕ್ಕೆಂದು ಒಂದು ದಿನವೂ ಯಾರೂ ಕ್ಯೂ ನಿಂತದ್ದಿಲ್ಲ. ಉಣುಗು ಕೆಂಪು ಬಸ್ಸು ಹತ್ತಿ ಮೆಜೆಸ್ಟಿಕ್ಕಿಗೆ ಬರುವುದಿಲ್ಲ ಎಂಬ ಭರವಸೆ ನಮಗೆ. ಸ್ವದೇಶಿ ವಸ್ತುವಿಗೆ ಬೆಲೆ ಇಲ್ಲವೆಂಬ ಹಳೆಯ ದೂರು ವೈರಾಣುಗಳಿಗೂ ಅನ್ವಯಿಸುತ್ತದೆ.

೬. ಸಿದ್ಧತಾ ದ್ರವ್ಯಗಳು

ಭಯ ಹುಟ್ಟಿದ ಮೇಲೆ ಅದಕ್ಕೊಂದು ಚೀಲ ಬೇಕು. ಸಾಂಕ್ರಾಮಿಕದಲ್ಲಿ ಮನುಷ್ಯ ಮೊದಲು ಹುಡುಕುವುದು ಔಷಧಿಯನ್ನಲ್ಲ, ಖರೀದಿಸಬಹುದಾದ ಏನಾದರೊಂದನ್ನು.

(ಅ) ಮಾಸ್ಕ್. ೨೦೨೦ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಮಾಸ್ಕನ್ನೂ ಸ್ಯಾನಿಟೈಸರನ್ನೂ ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿ ಬೆಲೆ ಕಟ್ಟಿತು: ಎರಡು ಪದರದ್ದಕ್ಕೆ ೮ ರೂಪಾಯಿ, ಮೂರು ಪದರದ್ದಕ್ಕೆ ೧೦, ೨೦೦ ಮಿಲಿಲೀಟರ್ ಸ್ಯಾನಿಟೈಸರಿಗೆ ೧೦೦. ಬೆಲೆ ಬಂತು, ಮಾಲು ಹೋಯಿತು. ಮೂಲೆಯ ಮೆಡಿಕಲ್ ಶಾಪಿನವರು ನನ್ನ ಮುಖ ಕಂಡೊಡನೆ, ನಾನು ಬಾಯಿ ತೆರೆಯುವ ಮುನ್ನವೇ, "ನಾಳೆ ಬನ್ನಿ ಸಾರ್" ಎಂದರು. (ಬಹುವಚನ ಗಮನಿಸಿ.) ಕೊನೆಗೆ ಮಾಸ್ಕ್ ಹೇರಳವಾಗಿ ಸಿಕ್ಕಾಗ ಜನ ಅದನ್ನು ಧರಿಸಿದ ರೀತಿಗಳನ್ನು ಹೀಗೆ ವಿಂಗಡಿಸಬಹುದು: ಮೂಗಿನ ಕೆಳಗೆ ನಿಲ್ಲುವ ನಾಸಿಕಾಧಃಸ್ಥ, ಗಡ್ಡಕ್ಕೆ ತೊಟ್ಟಿಲು ಕಟ್ಟುವ ಗಲ್ಲಾಶ್ರಿತ, ಒಂದೇ ಕಿವಿಯಿಂದ ಜೋಲುವ ಏಕಕರ್ಣಾವಲಂಬಿ, ಪೊಲೀಸರನ್ನು ಕಂಡಾಗ ಮಾತ್ರ ಅವತರಿಸುವ ಜೇಬುವಾಸಿ. ಮೂಗು ಬಾಯಿ ಎರಡನ್ನೂ ಮುಚ್ಚುವ ಐದನೆಯ ಪ್ರಕಾರವೂ ಉಂಟೆಂದು ಗ್ರಂಥಗಳು ಹೇಳುತ್ತವೆ. ಮಾತಾಡುವಾಗ ಮಾಸ್ಕ್ ಕೆಳಗಿಳಿಸುವುದು, ಸುಮ್ಮನಿರುವಾಗ ಮೇಲೇರಿಸುವುದು ಎಲ್ಲ ಪಂಗಡಗಳಿಗೂ ಸಮಾನವಾದ ಆಚಾರ.

(ಆ) ದಿನಸಿ. ಮಾರ್ಚ್ ೨೪ರ ರಾತ್ರಿ ಎಂಟಕ್ಕೆ, ಅಂದಿನ ನಡುರಾತ್ರಿಯಿಂದಲೇ ೨೧ ದಿನ ದೇಶ ಮುಚ್ಚುತ್ತದೆ ಎಂಬ ಘೋಷಣೆಯಾಯಿತು. ಪರಸ್ಪರ ದೂರವಿರಬೇಕು ಎಂಬ ಸಂದೇಶ ಕೇಳಿದ ಕೂಡಲೇ ಇಡೀ ಅಡ್ಡರಸ್ತೆ ಒಂದೇ ಅಂಗಡಿಯ ಮುಂದೆ ಒಟ್ಟಾಯಿತು. ನಾನೂ ಇದ್ದೆ. ನನಗೆ ಸಿಕ್ಕಿದ್ದು ಐದು ಕೆ.ಜಿ. ಸಬ್ಬಕ್ಕಿ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಗಾದೆಯಲ್ಲಿನ ಹಳೆಯ ಇಕ್ಕಟ್ಟು ಆ ಇಪ್ಪತ್ತೊಂದು ದಿನಗಳಲ್ಲಿ ಮೊದಲ ಬಾರಿಗೆ ಬಗೆಹರಿಯಿತು: ನೆಂಟರು ಬರುವ ಹಾಗಿರಲಿಲ್ಲ.

(ಇ) ಕಷಾಯ. ಶುಂಠಿ, ಮೆಣಸು, ತುಳಸಿ, ಅಮೃತಬಳ್ಳಿ. ಮಲೆನಾಡಿನಲ್ಲಿ ಇದು ನೆಂಟರಿಗೆ ಕೊಡುವ ಪಾನೀಯ, ಬೆಂಗಳೂರಿನಲ್ಲಿ ಪ್ರಾಯಶ್ಚಿತ್ತ. ಅತ್ತಿಗೆ ದಿನಕ್ಕೆ ನಾಲ್ಕು ಸಲ ಕುಡಿಸಿದರು. ವೈರಾಣುವಿಗೆ ಏನಾಯಿತೋ, ನನಗೆ ಎದೆಯುರಿ ಬಂತು.

(ಈ) ಸೋಪು. ಈ ವೈರಾಣುವಿನ ಹೊರಕವಚ ಕೊಬ್ಬಿನದು. ಎಣ್ಣೆಜಿಡ್ಡಿನ ಬಾಣಲೆಯನ್ನು ಬಿಡಿಸುವ ಸೋಪು ಇದನ್ನೂ ಬಿಡಿಸುತ್ತದೆ. ಇಪ್ಪತ್ತು ಸೆಕೆಂಡು ಕೈ ಉಜ್ಜಿದರೆ ಸಾಕು. ಬಟ್ಟೆ ಒಗೆಯುವ ಬಾರ್ ಆದರೂ ನಡೆಯುತ್ತದೆ. ನೂರು ವರ್ಷಗಳಿಂದ ಸರ್ಕಾರವೇ ಗಂಧದ ಸೋಪು ಮಾಡುತ್ತಿರುವ ನಾಡು ನಮ್ಮದು. ಆದರೆ ಸೋಪಿಗೆ ಕ್ಯೂ ಇರಲಿಲ್ಲ, ಕಾಳಸಂತೆ ಇರಲಿಲ್ಲ. ಹಾಗಾಗಿ ಗೌರವವೂ ಇರಲಿಲ್ಲ. ಬಚ್ಚಲಲ್ಲಿ ಮೊದಲೇ ಬಿದ್ದಿರುವ ವಸ್ತು ಜೀವ ಉಳಿಸುತ್ತದೆಂದರೆ ನಂಬುವುದು ಹೇಗೆ? ನಾವು ಅದರಲ್ಲಿ ಹಾಲಿನ ಪ್ಯಾಕೆಟ್ ತೊಳೆದೆವು, ಸೌತೆಕಾಯಿ ತೊಳೆದೆವು, ನೋಟುಗಳಿಗೆ ಇಸ್ತ್ರಿ ಹಾಕಿದೆವು. ತೊಳೆದ ಪ್ಯಾಕೆಟ್ ಹಿಡಿದುಕೊಂಡೇ ಬೂತಿನ ಮುಂದೆ ನಾಲ್ಕು ಜನ, ಮಾಸ್ಕ್ ಕೆಳಗಿಳಿಸಿ, ರೋಗ ಗಾಳಿಯಲ್ಲಿ ಹರಡುತ್ತದೋ ಇಲ್ಲವೋ ಎಂದು ಅರ್ಧ ಗಂಟೆ ವಾದಿಸಿದೆವು.

೭. ಪ್ರಮಾಣ ವಿಚಾರ

ಜ್ಞಾನಕ್ಕೆ ನೈಯಾಯಿಕರು ನಾಲ್ಕು ಪ್ರಮಾಣ ಹೇಳಿದರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಐದನೆಯದು ಅವರಿಗೆ ಹೊಳೆಯಲಿಲ್ಲ, ಏಕೆಂದರೆ ಅವರ ಹತ್ತಿರ ವಾಟ್ಸ್ಆ್ಯಪ್ ಇರಲಿಲ್ಲ. ಅದು ಫಾರ್ವರ್ಡ್. ಇದರ ಲಕ್ಷಣ: 'ತುರ್ತು' ಎಂದು ಆರಂಭ, 'ಹತ್ತು ಜನಕ್ಕೆ ಕಳಿಸಿ' ಎಂದು ಮುಕ್ತಾಯ, ಮೂಲ ಯಾವಾಗಲೂ ಯಾರದೋ ಭಾವಮೈದುನ, ಆತ ಯಾವಾಗಲೂ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು. ಅತ್ತಿಗೆಯ ಫೋನಿನಿಂದ ಸಂಗ್ರಹಿಸಿದ ಕೆಲವು ಸಿದ್ಧಾಂತಗಳು: ಹತ್ತು ಸೆಕೆಂಡು ಉಸಿರು ಕಟ್ಟಿದರೆ ರೋಗವಿಲ್ಲ, ರಾತ್ರಿ ಹೆಲಿಕಾಪ್ಟರಿನಿಂದ ಔಷಧಿ ಸಿಂಪಡಿಸುತ್ತಾರೆ, ಒಣಹಾಕಿದ ಬಟ್ಟೆ ಒಳಗೆ ತನ್ನಿ, ಬಿಸಿಲಿಗೆ ವೈರಾಣು ಸಾಯುತ್ತದೆ. ಕೊನೆಯದಕ್ಕೆ ಕಲಬುರಗಿಯೇ ಉತ್ತರವಾಗಿತ್ತು. ನಾಡಿನ ಬಿಸಿಲಿಗೆ ರಾಜಧಾನಿ ಎಂದರೆ ಅದೇ. ದೇಶದ ಮೊದಲ ಸಾವೂ ಅಲ್ಲೇ. ಆದರೆ ಪ್ರತ್ಯಕ್ಷವನ್ನು ಫಾರ್ವರ್ಡ್ ಸುಲಭವಾಗಿ ಬಾಧಿಸುತ್ತದೆ.

ಈ ಪ್ರಮಾಣಕ್ಕೆ ಮೊದಲು ಬಲಿಯಾದದ್ದು ಕೋಳಿ. ಕೋಳಿ ತಿಂದರೆ ರೋಗ ಬರುತ್ತದೆಂಬ ಸುದ್ದಿಗೆ ಬೆಲೆ ನೆಲ ಕಚ್ಚಿ, ಮೇವಿನ ಖರ್ಚೂ ಹುಟ್ಟದೆ, ಕೆಲವು ರೈತರು ಜೀವಂತ ಕೋಳಿಗಳನ್ನು ಗುಂಡಿ ತೋಡಿ ಮುಚ್ಚಿದರು. ನೆಗಡಿಯೂ ಇಲ್ಲದ ಕೋಳಿ ಸತ್ತಿತು, ಸಾಲಗಾರ ಉಳಿದ.

ಟೆಲಿಫೋನೂ ಸುಮ್ಮನಿರಲಿಲ್ಲ. ಪ್ಲೇಗಿನ ಕೆಲಸಕ್ಕೆಂದು ಈ ಊರಿಗೆ ಬಂದ ಯಂತ್ರ, ನೂರಿಪ್ಪತ್ತೆರಡು ವರ್ಷಗಳ ಬಳಿಕ, ಯಾರಿಗೆ ಕರೆ ಮಾಡಿದರೂ ಮೊದಲು ತಾನೇ ಕೆಮ್ಮಿ, ಆಮೇಲೆ ಆರೋಗ್ಯ ಸಂದೇಶ ಹೇಳತೊಡಗಿತು. ಎಂಜಿನಿಯರು ಆ ಕೆಮ್ಮು ಕೇಳಿದಾಗಲೆಲ್ಲ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿಯುತ್ತಿದ್ದರು.

೮. ಮೂರನೆಯ ಶಾಸನ: ನೋಟಿಸು

ವಿದೇಶದಲ್ಲಿ ಓದುತ್ತಿದ್ದ ಅಣ್ಣನ ಮಗ ಮಾರ್ಚ್ ಮೂರನೆಯ ವಾರ ಬಂದಿಳಿದ. ಅವನ ಕೈಮೇಲೆ ಮುದ್ರೆ ಒತ್ತಿದ್ದರು. ಅದೇ ತಿಂಗಳು ಚುನಾವಣಾ ಆಯೋಗ ಮತದಾರರ ಬೆರಳಿಗೆ ಹಚ್ಚುವ, ಮೈಸೂರಿನಲ್ಲಿ ತಯಾರಾಗುವ ಅಳಿಸಲಾಗದ ಶಾಯಿಯನ್ನು ಈ ಮುದ್ರೆಗೂ ಬಳಸಲು ಒಪ್ಪಿತು. ಎರಡು ಕಡೆಯೂ ಶಾಯಿಯ ಅರ್ಥ ಒಂದೇ: ನಿನ್ನ ಕೆಲಸ ಮುಗಿಯಿತು, ಇನ್ನು ಮನೆಯಲ್ಲಿರು. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸೆಲ್ಫಿ ತೆಗೆದು ಸರ್ಕಾರದ ಆ್ಯಪ್‌ಗೆ ಕಳಿಸಬೇಕೆಂದೂ ಆಜ್ಞೆಯಾಯಿತು. ತಾಯಿಗೆ ತಿಂಗಳಿಗೊಂದು ಫೋಟೋ ಕಳಿಸದಿದ್ದ ಹುಡುಗ ಸರ್ಕಾರಕ್ಕೆ ದಿನಕ್ಕೆ ಹದಿನಾರು ಕಳಿಸಿದ.

ಬಾಗಿಲಿಗೆ ನೋಟಿಸು ಅಂಟಿಸಿದರು. ಸಾರಾಂಶ: ಈ ಮನೆಗೆ ಯಾರೂ ಬರಬೇಡಿ. ಹತ್ತು ವರ್ಷಗಳಿಂದ ನಮ್ಮ ಗೇಟು ದಾಟದವರೆಲ್ಲ ಅದನ್ನು ಓದಲು ಬಂದರು. ಅಕ್ಷರ ಸಣ್ಣದಿತ್ತು; ಹತ್ತಿರ ಬರಬೇಡಿ ಎಂದು ತಿಳಿಯಬೇಕಾದರೆ ಬಹಳ ಹತ್ತಿರ ಬರಬೇಕಿತ್ತು. ಎಂಜಿನಿಯರು ಕನ್ನಡಕ ಏರಿಸಿ ಪೂರ್ತಿ ಓದಿ, ಒಂದು ಕಾಗುಣಿತ ದೋಷವನ್ನೂ ತೋರಿಸಿ ಹೋದರು. ಮರುದಿನದಿಂದ ನಮ್ಮ ಮನೆಯ ಮುಂದಿನ ಫುಟ್‌ಪಾತನ್ನು ಊರು ಬಿಟ್ಟುಕೊಟ್ಟಿತು. ಹುಡುಗನಿಗೆ ಏನೂ ಆಗಲಿಲ್ಲ. ಹದಿನಾಲ್ಕು ದಿನಗಳ ಮೇಲೂ ನೋಟಿಸು ಇತ್ತು. ಅದನ್ನು ಅಂಟಿಸುವುದು ಯಾರ ಕೆಲಸವೆಂದು ನಿಗದಿಯಾಗಿತ್ತು; ಕೀಳುವುದು ಯಾರ ಕೆಲಸವೆಂದು ಆಗಿರಲಿಲ್ಲ. ಕೇಳಿದ್ದಕ್ಕೆ, "ನಾಳೆ ಬರ್ತಾರೆ" ಎಂದರು.

೯. ಪೂರ್ವಪಕ್ಷ

ಇಲ್ಲೊಂದು ಆಕ್ಷೇಪ ಏಳಬಹುದು: ಇವೆಲ್ಲ ಹೊಸ ರೋಗಕ್ಕೆ ಹೆದರಿದ ಜನರ ಸಹಜ ಗೊಂದಲ, ಗೇಲಿ ಮಾಡುವುದು ಸುಲಭ, ಎರಡನೆಯ ಸಲ ಕಲಿತಿರುತ್ತಾರೆ.

ಸಮಾಧಾನ: ಎರಡನೆಯ ಸಲವೂ ಬಂತು. ೨೦೨೧ರ ಜನವರಿ ೧೬ರಂದು ಲಸಿಕೆ ಹಾಕುವುದು ಆರಂಭವಾಯಿತು. ಮಾರ್ಚ್‌ನಲ್ಲಿ ಹಿರಿಯರ ಸರದಿ ಬಂದಾಗ, "ಮೊದಲು ಬೇರೆಯವರು ಹಾಕಿಸಿಕೊಳ್ಳಲಿ, ಏನಾಗುತ್ತೆ ನೋಡೋಣ" ಎಂದು ಎಂಜಿನಿಯರು ಲಸಿಕೆಗೆ ನಾಳೆ ಬಾ ಎಂದರು. ಮದುವೆಗಳು ನಡೆದವು, ಜಾತ್ರೆಗಳು ನಡೆದವು, ಚುನಾವಣೆಗಳು ನಡೆದವು. ಮೇ ತಿಂಗಳಲ್ಲಿ ಅವರು ಲಸಿಕಾ ಕೇಂದ್ರಕ್ಕೆ ಹೋದಾಗ ಬಾಗಿಲ ಮೇಲೆ 'ಸ್ಟಾಕ್ ಇಲ್ಲ' ಎಂಬ ಹಾಳೆ. ಕೇಂದ್ರದವರು ಅವರಿಗೆ, ನಾಳೆ ಬನ್ನಿ ಎಂದರು. ಆ ದಿನಗಳಲ್ಲಿ ಹಾಸಿಗೆಗೆ ಕ್ಯೂ, ಸಿಲಿಂಡರಿಗೆ ಕ್ಯೂ, ಚಿತಾಗಾರದ ಮುಂದೆ ಟೋಕನ್ ಹಿಡಿದ ಆಂಬುಲೆನ್ಸ್‌ಗಳ ಕ್ಯೂ. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದು ರಾತ್ರಿ ಆಮ್ಲಜನಕ ಸಾ‌ಲದೆ ಹೋಯಿತು. ಅಲ್ಲಿನ ರೋಗಿಗಳಿಗೆ ನಾಳೆ ಎಂಬುದೇ ಇರಲಿಲ್ಲ. ಈ ಭಾಗಕ್ಕೆ ಸಂಶೋಧಕನಲ್ಲಿ ಸೂತ್ರವಿಲ್ಲ, ಭಾಷ್ಯವಿಲ್ಲ.

ಸಿದ್ಧಾಂತದ ದೋಷ ಇಲ್ಲಿ ಬಯಲಾಗುತ್ತದೆ. ದೆವ್ವಕ್ಕೆ ಓದಲು ಬರುತ್ತಿತ್ತು. ಮರುದಿನ ಬಂದಾಗ ನಿನ್ನೆಯ ನಾಳೆಯೇ ಇಂದು ಎಂದು ಎಣಿಸುವ ಬುದ್ಧಿ ಅದಕ್ಕಿರಲಿಲ್ಲ. ವೈರಾಣು ನಿರಕ್ಷರಿ, ಆದರೆ ಲೆಕ್ಕ ಚೆನ್ನಾಗಿ ಬರುತ್ತದೆ. ನಾಳೆ ಬಾ ಎಂದೆವು. ಬಂತು.

೧೦. ಉಪಸಂಹಾರ

ಬಾಗಿಲಿನ ಮೂರು ಪದರಗಳನ್ನು ಕ್ರಮವಾಗಿ ಓದಿದರೆ ಹೀಗಾಗುತ್ತದೆ: ಮುತ್ತಜ್ಜ ತಾನು ಹೊರಟುಹೋಗಿ ಬದುಕಿದ, ಮೊಮ್ಮಗನ ಮಗ ಆಪತ್ತನ್ನು ಮುಂದೂಡಿ ಬದುಕಿದ, ಅವನ ಅಣ್ಣನ ಮಗನನ್ನು ಸರ್ಕಾರ ಬಾಗಿಲೊಳಗೆ ಹಾಕಿ ಅಂಟಿಸಿತು. ಗಾಳಿ ಆಡುವ ಬಡಾವಣೆ ಬೇಕೆಂದು ಪ್ಲೇಗಿನ ಕಾಲದಲ್ಲಿ ಹೊಳೆದಂಥ ವಿಚಾರ ಮುಂದಿನ ಎರಡೂ ಪದರಗಳಲ್ಲಿ ಕಾಣುವುದಿಲ್ಲ. ಈ ಬಗ್ಗೆ ಹೆಚ್ಚಿನ ಸಂಶೋಧನೆ ಆಗಬೇಕಾಗಿದೆ.

ಇಷ್ಟು ಬರೆಯುವ ಹೊತ್ತಿಗೆ ಒಳಗೆ ಟಿವಿ ಕೂಗುತ್ತಿತ್ತು. ಬೆಂಗಳೂರಿನಲ್ಲಿ ಎರಡು ಮಕ್ಕಳಲ್ಲಿ ಎಚ್‌ಎಂಪಿವಿ ಪತ್ತೆ. ಪರದೆಯ ತುಂಬ ಕೆಂಪು ಅಕ್ಷರ. ೨೦೦೧ರಲ್ಲೇ ವಿಜ್ಞಾನಿಗಳು ಗುರುತಿಸಿದ ಹಳೆಯ ವೈರಾಣು ಅದು ಎಂಬ ಮಾತು ಪರದೆಯ ಅಡಿಯಲ್ಲಿ ಓಡಿಹೋಯಿತು. ಅತ್ತಿಗೆ ಫೋನ್ ಮಾಡಿ, "ಒಂದು ಡಬ್ಬ ಮಾಸ್ಕ್ ತಂದಿಟ್ಕೊಳ್ಳಪ್ಪ" ಎಂದರು. ಬೀರು ತೆರೆದೆ: ೨೦೨೧ರ ಸ್ಯಾನಿಟೈಸರ್ ಬಾಟಲಿಯ ತಳದಲ್ಲಿ ಬರೀ ವಾಸನೆ ಉಳಿದಿತ್ತು. ಮೂಲೆಯ ಮೆಡಿಕಲ್ ಶಾಪಿಗೆ ಹೋದೆ. ಅಲ್ಲಿ ಆಗಲೇ ಆರು ಜನ.

"ಮಾಸ್ಕ್ ಇದ್ಯಾ?"

"ಬೆಳಿಗ್ಗೆನೇ ಖಾಲಿ ಆಯ್ತು. ನಾಳೆ ಬನ್ನಿ ಸಾರ್."

ಮನೆಗೆ ಬಂದು ಕೈ ತೊಳೆದುಕೊಂಡೆ. ಪೇಂಟಿಂಗ್ ಹುಡುಗ ಉಪ್ಪುಕಾಗದ ಹಿಡಿದು ಬಾಗಿಲ ಮುಂದೆ ಕಾಯುತ್ತಿದ್ದ. ಆ ಸೊಟ್ಟ ಅಕ್ಷರಗಳ ಮೇಲೆ ಬೆರಳಿಟ್ಟು, "ಇದನ್ನ ಉಜ್ಜಿಬಿಡ್ಲಾ ಸಾರ್, ಹಂಗೇ ಬಿಡ್ಲಾ?" ಎಂದ.

ಸಂಶೋಧಕ ಬಹಳ ಹೊತ್ತು ಯೋಚಿಸಿದನು. ಸಾಕ್ಷ್ಯವನ್ನು ಉಳಿಸಬೇಕು ನಿಜ; ಹಬ್ಬ ಹತ್ತಿರ ಬಂದಿರುವುದೂ ನಿಜ.

"ನಾಳೆ ಬಾಪ್ಪ, ಹೇಳ್ತೀನಿ" ಎಂದೆ.